ಕತ್ತರಿ ಇರುವ ವೈರಸ್

ಮಾರ್ಚ್ 4, ಸಂಜೆ
ಮತ್ತೆ ಅದೇ ಕೆಲಸ. ಬೆಳಿಗ್ಗೆ ಲ್ಯಾಬಿನ ತಟ್ಟೆಯ ಜೀವಕೋಶಗಳಿಗೆ ಸಿಡುಬಿನ ಜಾತಿಯ ಪಾಕ್ಸ್ ವೈರಸ್ ಹಾಕಿದ್ದೆ, ಈಗ ಅರ್ಧ ಸತ್ತಿವೆ. ಪುಂಡ ವೈರಸ್. ನ್ಯೂಕ್ಲಿಯಸ್ಸಿನ ಹಂಗಿಲ್ಲ, ಆರ್‌ಎನ್‌ಎ ಬರೆಯುವ ಯಂತ್ರವನ್ನು ತಾನೇ ಹೊತ್ತು ತರುತ್ತದೆ. ತನ್ನ ಆರ್‌ಎನ್‌ಎ ಸಂದೇಶಗಳ ತಲೆಗೆ ಹೊಕ್ಕ ಜೀವಕೋಶದ್ದೇ ನಮೂನೆಯ ಟೋಪಿ, ಹಿಂದೆ ಉದ್ದನೆ ಬಾಲ. ಜೀವಕೋಶ ತನ್ನದೇ ಎಂದು ಓದಿಕೊಳ್ಳುತ್ತದೆ. ಆಮೇಲೆ ವೈರಸ್ ತನ್ನ ಕತ್ತರಿ ತೆಗೆಯುತ್ತದೆ, ಕತ್ತರಿಸುವ ಒಂದು ಕಿಣ್ವ. ಕಂಡ ಕಂಡ ಸಂದೇಶಗಳ ಟೋಪಿ ಕಚಕ್... ಟೋಪಿ ಹೋದದ್ದು ಚೂರುಚೂರು. ತನ್ನದನ್ನೂ ಬಿಡುವುದಿಲ್ಲ. ಅಂಥ ಕತ್ತರಿ ಎರಡಿವೆ. ಎರಡನ್ನೂ ಮೊಂಡು ಮಾಡಿದ ತಳಿಯೊಂದನ್ನು ನಾನು ಬೆಳೆಸಿದ್ದೇನೆ. ಅದು ಹಲ್ಲು ಕಿತ್ತ ಹಾವು.

ಅಕ್ಕ ಮತ್ತು ಅವಳ ಮಗಳು ಗುಬ್ಬಿ ನನ್ನ ಮನೆಯಲ್ಲೇ ಇದ್ದಾರೆ, ಭಾವ ಅಕ್ಕನ ಪಕ್ಕೆಲುಬು ಮುರಿದಾಗಿನಿಂದ. ಗುಬ್ಬಿಗೆ ಮೈಯೆಲ್ಲ ಎಕ್ಸಿಮಾ. ಕೆರೆದು ಕೆರೆದು ಮೊಣಕೈ ಮಡಿಕೆ ಹಸಿ ಗಾಯವಾಗಿದೆ.

ಮಾರ್ಚ್ 5
ಭಾವ ಬಂದಿದ್ದ. ಬಂದಿದ್ದರು ಎನ್ನುವ ಮರ್ಯಾದೆ ಇವತ್ತಿಗೆ ಮುಗಿಯಿತು. ಮೊದಲು ನಗು, ಬಿಸ್ಕತ್ ಪೊಟ್ಟಣ. ಒಳಗೆ ಬಿಡಲಿಲ್ಲ. ಬಾಗಿಲ ಸಂದಿಯಲ್ಲಿ ನನ್ನ ಬಲಗೈ ಇತ್ತು—ನೋಡಿಯೇ ಒದ್ದ. ಮಣಿಕಟ್ಟು ಊದಿದೆ. ಮಗುವನ್ನು ಕೊಡದಿದ್ದರೆ ಇಬ್ಬರನ್ನೂ ಮುಗಿಸುತ್ತೇನೆ ಎಂದು ಮೆಲ್ಲಗೆ ಹೇಳಿ ಹೋದ. ಕೂಗಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಮಾರ್ಚ್ 6
ಊದಿದ ಕೈಯಲ್ಲೇ ಇಲಿಗಳಿಗೆ ಇಂಜೆಕ್ಷನ್. ಇಲಿ ಕೊಸರಿತು, ಮಣಿಕಟ್ಟು ಕೈಕೊಟ್ಟಿತು, ಸೂಜಿ ನನ್ನ ಎಡ ತೋರುಬೆರಳಿಗೆ. ಟ್ರೇಯಲ್ಲಿ ಎರಡು ಬಗೆಯ ಸಿರಿಂಜ್ ಇದ್ದವು—ಕತ್ತರಿ ಇರುವ ವೈರಸ್, ಕತ್ತರಿ ಇಲ್ಲದ್ದು. ಗಾಬರಿಯಲ್ಲಿ ಎಲ್ಲ ನೆಲಕ್ಕೆ ಬಿದ್ದವು. ಚುಚ್ಚಿದ್ದು ಯಾವುದು?

ನಿಮಗೇನೂ ಆಗುವುದಿಲ್ಲ, ಒಂದು ಹುಣ್ಣು ಅಷ್ಟೇ ಎಂದರು ಡಾಕ್ಟರು. ಗುಬ್ಬಿಯ ವಿಷಯ ಹೇಳಿದೆ. ಪೆನ್ನು ಕೆಳಗಿಟ್ಟರು. "ಆ ಮಗೂನ ಮುಟ್ಟಲೇಬೇಡಿ. ಅಂಥ ಚರ್ಮಕ್ಕೆ ತಗುಲಿದ್ರೆ ಮೈಯೆಲ್ಲ ಹಬ್ಬುತ್ತೆ. ಉಳಿಸೋದು ಕಷ್ಟ."

ಮಹಡಿ ಕೋಣೆ ಸೇರಿದ್ದೇನೆ.

ಮಾರ್ಚ್ 11
ಬೆರಳಲ್ಲಿ ಗುಳ್ಳೆ ಎದ್ದಿದೆ. ನಡುವೆ ಗುಳಿ, ಸುತ್ತ ಕೀವು. ಹಲ್ಲು ಕಿತ್ತ ಹಾವು ಹೀಗೆ ಕಚ್ಚುತ್ತದೆಯೇ? ಲ್ಯಾಬಿನ ಗೆಳತಿ ಬಂದು ಸ್ಯಾಂಪಲ್ ತೆಗೆದುಕೊಂಡು ಹೋದಳು. ಕತ್ತರಿಯ ಜೀನ್‌ಗಳು ಸರಿಯಿವೆಯೋ ಕೆಟ್ಟಿವೆಯೋ ನೋಡಿ ಹೇಳುತ್ತಾಳೆ.

ಗುಬ್ಬಿ ಮೆಟ್ಟಿಲ ಮೇಲೆ ಕೂತು ತನ್ನ ಮೇಲೆ ಕೋಪವೇ ಎಂದು ಕೇಳಿದಳು. ಬಾಗಿಲು ತೆರೆಯದೆ ಒಳಗೇ ಅತ್ತುಬಿಟ್ಟೆ.

ಮಾರ್ಚ್ 13, ಮಧ್ಯಾಹ್ನ
ಕೆಳಗೆ ಗಾಜು ಒಡೆಯಿತು. ಇಳಿದೆ. ಭಾವ ಅಕ್ಕನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಚಚ್ಚುತ್ತಿದ್ದ. ಗೋಡೆಯಲ್ಲಿ ರಕ್ತ. ಹಿಂದಿನಿಂದ ಮೇಲೆ ಬಿದ್ದು ಅವನ ಕಿವಿ ಕಚ್ಚಿದೆ. ತಿರುಗಿ ನನ್ನ ಕತ್ತು ಹಿಸುಕಿದ. ಕಣ್ಣು ಕತ್ತಲೆ ಬಂತು. ಸಿಕ್ಕಿದ್ದು ಅವನ ಮುಖ—ಬೆರಳನ್ನು ಕಣ್ಣೊಳಗೆ ತುರುಕಿದೆ. ಬ್ಯಾಂಡೇಜ್ ಕಳಚಿ ಗುಳ್ಳೆ ಒಡೆಯಿತು. ಅವನು ಚೀರಿ ಕೈಬಿಟ್ಟ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಗುಬ್ಬಿ ನನ್ನನ್ನು ಅಪ್ಪಿಕೊಳ್ಳಲು ಓಡಿ ಬಂದಳು. ಎರಡೂ ಕೈ ಮೇಲೆತ್ತಿ ಹಿಂದೆ ಸರಿದೆ. ಮುಟ್ಟಬೇಡ ಎಂದು ಗದರಿದೆ. ಅಷ್ಟರಲ್ಲಿ ಅವನು ಅವಳನ್ನು ಬಾಚಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಅದೇ ದಿನ, ಸಂಜೆ
ಅಕ್ಕನ ತಲೆಗೆ ಹೊಲಿಗೆ. ಗೆಳತಿಯ ಫೋನ್ ಬಂತು. ಕತ್ತರಿ ಇವೆಯಂತೆ, ಎರಡೂ. ಗುಬ್ಬಿಯನ್ನು ನಾನು ಮುಟ್ಟಲಿಲ್ಲವಲ್ಲ ಎಂದು ಉಸಿರು ಬಿಟ್ಟೆ. ಆಮೇಲೆ ಹೊಳೆಯಿತು. ಅವನ ಕಣ್ಣು.

ಅವನ ಫೋನ್ ಆಫ್. ಮನೆಗೆ ಬೀಗ. ಹುಡುಕುತ್ತೇವೆ, ಅಪ್ಪನ ಹತ್ತಿರ ತಾನೇ ಇದೆ ಮಗು ಎಂದರು ಪೊಲೀಸರು.

ಮಾರ್ಚ್ 19
ಅವನ ಫೋನ್‌ಗೆ ಕೊನೆಗೂ ಕರೆ ಹೋಯಿತು. ಎತ್ತಿದ್ದು ಗುಬ್ಬಿ. ಅಪ್ಪನಿಗೆ ಕೊಡು ಎಂದೆ.

"ಅಪ್ಪ ಮಲಗಿದಾರೆ ಚಿಕ್ಕಮ್ಮ. ಕಣ್ಣು ಊದ್ಕೊಂಡು ಮುಚ್ಚೇ ಹೋಗಿದೆ. ದಿನಾ ನಾನೇ ಒದ್ದೆ ಬಟ್ಟೇಲಿ ಒರೆಸ್ತೀನಿ."

ಬಟ್ಟೆ ಬಿಸಾಕು, ಸೋಪು ಹಾಕಿ ಕೈ ತೊಳೆ, ಎಲ್ಲಿದ್ದೀಯ ಹೇಳು ಎಂದೆ. ಸೋಪು ಬೇಡವಂತೆ. ಮೊಣಕೈ ಉರಿಯುತ್ತದಂತೆ. ನಿನ್ನೆಯಿಂದ ಅಲ್ಲಿ ಗುಳ್ಳೆ ಎದ್ದಿವೆಯಂತೆ, ನಡುವೆ ಗುಳಿ.