ಎರಡಿದ್ದವನ ಪಾಲು

ಹೊಲಿಗೆ ಕೋಣೆಯಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ನಿನ್ನ ಮಂಡಿನೋವು ಹೇಗಿದೆ? ಮಗಳು, ಕೂಸು ಇಬ್ಬರೂ ಚೆನ್ನಾಗಿದ್ದಾರೆಯೇ? ಬಾಣಂತನಕ್ಕೆ ಹೋದವಳು ನೀನೇ ಹಾಸಿಗೆ ಹಿಡಿಯಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಡುಗೆ ಒಂದು ದಿನ ಸೀಯುತ್ತದೆ, ಒಂದು ದಿನ ಬೇಯುವುದಿಲ್ಲ. ಎರಡನ್ನೂ ಕೂಡಿಸಿ ನೋಡಿದರೆ ಚೆನ್ನಾಗಿಯೇ ಇದೆ.

ಹೋದ ತಿಂಗಳ ಕೊನೆಯ ಭಾನುವಾರ ಪಾದ್ರಿಗಳು, ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಬೇಕೆಂಬ ಬೈಬಲ್ ಮಾತಿನ ಮೇಲೆ ಪ್ರಸಂಗ ಮಾಡಿದರು. ಮರುದಿನವೇ ಸಭೆಯವರು ಬಟ್ಟೆ ತಂದು ಸುರಿದರು. ದರ್ಜಿ ಎಂದಮೇಲೆ ಹರಿದದ್ದೆಲ್ಲ ನನ್ನ ಪಾಲಿಗೆ ಬಂತು. ಗುಂಡಿಯಿಲ್ಲದ ಅಂಗಿಗಳು, ಮೊಣಕಾಲು ಸವೆದ ಪ್ಯಾಂಟುಗಳು, ಒಂದೇ ತೋಳಿನ ಸ್ವೆಟರು. ಇನ್ನೊಂದು ತೋಳನ್ನು ಯಾರು ಇಟ್ಟುಕೊಂಡರೋ ದೇವರೇ ಬಲ್ಲ.

ಮೊನ್ನೆ ಶನಿವಾರ ಅವನ್ನು ಹಂಚುವಾಗ ಸಾಲಿನಲ್ಲಿ ಒಬ್ಬ ಹೆಂಗಸು ಬಂದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳಂತೆ. ಗಂಡ ಇಲ್ಲ, ಈಗ ಲಾಂಡ್ರಿಯೂ ಮುಚ್ಚಿದೆ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ನಾನು ಕೊಟ್ಟ ಫ್ರಾಕನ್ನು ಒಳಮಗ್ಗುಲಿಗೆ ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಮಗು ಕೈ ಎತ್ತಿದರೆ ಕಂಕುಳಲ್ಲಿ ಕಿತ್ತುಹೋಗುತ್ತದೆ ಎಂದಳು. ಬಿಟ್ಟಿ ಸಿಕ್ಕಿದ್ದಕ್ಕೂ ತಕರಾರೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಡವರಿಗೆ ತಾನೇ ಎಂದು ಆ ತೋಳನ್ನು ಅವಸರದಲ್ಲಿ ಕೂಡಿಸಿದವನು ನಾನೇ. ಹೊಲಿಗೆ ಬರುತ್ತದೆಯೇ ಎಂದಷ್ಟೇ ಕೇಳಿದೆ.

“ಬರತ್ತೆ ಅಣ್ಣ. ಮಿಷನ್ ಇದ್ದಿದ್ರೆ ಈ ಸಾಲಲ್ಲಿ ನಿಲ್ತಿರ್ಲಿಲ್ಲ,” ಎಂದಳು.

ಮೂರು ದಿನ ನನಗೆ ಕೆಲಸ ಸಾಗಲಿಲ್ಲ. ಈ ಕೋಣೆಯಲ್ಲಿ ಎರಡು ಮಿಷನ್ ಇವೆಯಲ್ಲ. ಪಾದ್ರಿಗಳು ಅಂಗಿ ಎಂದರೇ ಹೊರತು ಮಿಷನ್ ಎನ್ನಲಿಲ್ಲ ಎಂದು ನನ್ನೊಳಗಿನ ವಕೀಲ ವಾದಿಸಿದ. ಬೇಡದ್ದನ್ನು ಕೊಡುವುದಕ್ಕೆ ದೇವರ ಮಾತು ಯಾಕೆ ಬೇಕು, ಕಸದ ಬುಟ್ಟಿ ಸಾಲದೇ ಎಂದು ಮನಸ್ಸು ಕೇಳಿತು. ವಕೀಲ ಸೋತ.

ನಿನ್ನೆ ಎಣ್ಣೆ ಬಿಟ್ಟು, ಹೊಸ ಬೆಲ್ಟು ಹಾಕಿ, ಒಂದು ಮಿಷನ್ನನ್ನು ಕೈಗಾಡಿಯಲ್ಲಿ ಅವಳ ಮನೆಗೆ ಮುಟ್ಟಿಸಿದೆ. ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ನಾನಿನ್ನೂ ನೀರು ಕುಡಿಯುತ್ತಿರುವಾಗಲೇ, ಆ ಫ್ರಾಕಿನ ತೋಳು ಬಿಚ್ಚಿ ಹೊಲಿಯಲು ಕೂತಳು. ಗೆರೆ ಎಳೆದ ಹಾಗಿತ್ತು ಹೊಲಿಗೆ. ಸುಳ್ಳೇಕೆ, ನನ್ನದಕ್ಕಿಂತ ಚೆನ್ನಾಗಿತ್ತು. ನನಗೆ ಬರುವ ಶಾಲೆಯ ಸಮವಸ್ತ್ರದ ಕೆಲಸದಲ್ಲಿ ಅರ್ಧ ಅವಳಿಗೆ ಎಂದು ಹೇಳಿ ಬಂದೆ. ಖಾಲಿ ಗಾಡಿ ತಳ್ಳುತ್ತಾ ಬರುವಾಗ ನಾನು ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಿದ್ದೆನಂತೆ. ಪಕ್ಕದ ಮನೆಯ ಬಡಗಿ ಹೇಳಿ ನಕ್ಕ.

ಮಗಳಿಗೂ ಅಳಿಯನಿಗೂ ಆಶೀರ್ವಾದ, ಕೂಸಿನ ಅಂಗಾಲಿಗೊಂದು ಮುತ್ತು. ದೇವರು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ
‘ರೀ’

ಮರೆತಿದ್ದೆ: ಗಾಬರಿಯಾಗಬೇಡ, ಕೊಟ್ಟದ್ದು ನನ್ನ ಮಿಷನ್. ನಿನ್ನದನ್ನು ದಾನ ಮಾಡಲು ನಾನು ಯಾರು? ಸದ್ಯಕ್ಕೆ ನಿನ್ನದರಲ್ಲೇ ಹೊಲಿಯುತ್ತಿದ್ದೇನೆ. ನೀನು ಬಂದಮೇಲೆ ಬೆಳಗ್ಗೆ ನಿನ್ನ ಸರದಿ, ಮಧ್ಯಾಹ್ನದ ಮೇಲೆ ನನ್ನದು. ಒಪ್ಪಿಗೆಯಿದ್ದರೆ ಕಾಗದ ಬರೆ. ಇಲ್ಲದಿದ್ದರೂ ಬೇಗ ಬಾ.