ಅಕ್ಕನ ಕಾಲಿಗೆ ಬರೆದುಕೊಟ್ಟ ವಿಶ್ರಾಂತಿ

ಅಕ್ಕಾ,

ಒಂಬತ್ತು ವರ್ಷದ ಹಿಂದೆ, ನಡೆದರೆ ಮೀನಖಂಡ ಹಿಂಡುತ್ತದೆ ಎಂದು ಹೋದ ನಿನಗೆ ಆಸ್ಪತ್ರೆಯವರು "ವಯಸ್ಸಾಯ್ತು, ಓಡಾಟ ಬಿಡಿ" ಎಂದು ಚೀಟಿ ಬರೆದುಕೊಟ್ಟರು. ಕಾಲಿಗೆ ರಕ್ತ ಸಾಲದೆ ಆ ನೋವು ಬರುತ್ತಿದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ನೀನು ಕುರ್ಚಿ ಹಿಡಿದೆ. ಎರಡೇ ವರ್ಷದಲ್ಲಿ ಏಳುವ ಶಕ್ತಿಯೂ ಹೋಯಿತು. ಚೀಟಿ ಓದಿ "ಅವರು ಹೇಳಿದ ಹಾಗೆ ಕೂತಿರು" ಎಂದವನು ನಾನು.

ಆ ಕುರ್ಚಿಯಲ್ಲೇ ಕೂತು ನನ್ನ ಪ್ಯಾಂಟಿಗೆ ಅಳತೆ ತೆಗೆಯುವಾಗ ನೀನು ಬೈದದ್ದು ನೆನಪಿದೆ: "ಲೋ, ಬಲಗಾಲು ಒಂದಿಂಚು ಸಣ್ಣ ಆಗಿದೆ. ಪುಸ್ತಕ ಓದಿ ಓದಿ ಕಾಲನ್ನ ಕಡ್ಡಿ ಮಾಡ್ಕೊಂಡಿದ್ದೀಯ. ಮೊದಲು ಡಾಕ್ಟರಿಗೆ ತೋರಿಸು!" ನೀನು ತೀರಿಕೊಂಡ ಮೇಲೆ ತೋರಿಸಿದೆ. ಕಾಲಿಗೆ ರಕ್ತ ಸಾಲದಂತೆ; ನಿನ್ನದೂ ಇದೇ ಕಾಯಿಲೆ ಇರಬೇಕು.

ನನ್ನನ್ನು ನಡೆಸುವ ಫಿಸಿಯೋಥೆರಪಿಯ ಹುಡುಗಿ ಮಾತ್ರ ಬೇರೆಯೇ ಹೇಳುತ್ತಾಳೆ: "ನೋವು ಬಂದ್ರೆ ನಿಲ್ಲಿ ಸಾರ್, ಹೋದ್ಮೇಲೆ ಮತ್ತೆ ನಡೀರಿ. ಕೂತೇ ಇದ್ರೆ ಇರೋ ಮಾಂಸವೂ ಕರಗುತ್ತೆ." ಇವತ್ತು ಗ್ರಂಥಾಲಯದವರೆಗೆ ಎರಡೇ ಸಲ ನಿಂತು ನಡೆದೆ. ಅರ್ಧ ಇಂಚು ಮಾಂಸ ಮರಳಿದೆ.

"ಕಾಲು ಸಣ್ಣ ಆಗಿದ್ದು ಮೊದಲು ಯಾರು ನೋಡಿದ್ದು?" ಎಂದಳು.

"ನಮ್ಮಕ್ಕ. ಟೈಲರ್. ಅವಳಿಗೂ ಇದೇ ನೋವಿತ್ತು."

"ಅವರ ಕಾಲನ್ನ ಯಾರು ನೋಡಿದ್ರು?"

ನಾನು ಚಪ್ಪಲಿ ಹುಡುಕಿದೆ.

ನಾನು ನಡೆಯುತ್ತಿರುವುದು ನಿನ್ನ ಕಣ್ಣಿನಿಂದ, ಅಕ್ಕಾ. ಇದನ್ನು ನಿನ್ನೆದುರು ಹೇಳಬೇಕಿತ್ತು. ನಾಡಿದ್ದು ಅದೇ ಆಸ್ಪತ್ರೆಯ ವಾರ್ಷಿಕ ಸಾರ್ವಜನಿಕ ಸಭೆಯಿದೆ. ಆ ಚೀಟಿ ಓದಿ ಕೇಳುತ್ತೇನೆ: ನಡೆಸಬೇಕಾದ ಎಷ್ಟು ಜನರನ್ನು ಹೀಗೆ ಕೂರಿಸಿದಿರಿ? ಉತ್ತರವನ್ನು ನನ್ನ ಕಿವಿಯಲ್ಲಿ ಹೇಳಬೇಡಿ, ಮೈಕಿನಲ್ಲಿ ಹೇಳಿ.