ಗಂಟೆ ಬಾರಿಸಿದವರಿಗೆ ಮಾತ್ರೆ ಇಲ್ಲ

ಮಾನ್ಯ ಆರೋಗ್ಯ ನಿರ್ದೇಶಕರೇ,

ನನ್ನ ತಾಯಿ ರಕ್ತದೊತ್ತಡದ ಮಾತ್ರೆ ನುಂಗಲು ಒಪ್ಪುತ್ತಿಲ್ಲ. ಒಮ್ಮೆ ಪಾರ್ಶ್ವವಾಯು ಬಡಿದು ಬಲಗೈ ಸೋತಿದೆ, ಮಾತು ತೊದಲುತ್ತಿದೆ. ಮಾತ್ರೆ ತಪ್ಪಿಸಿದರೆ ಇನ್ನೊಂದು ಬಡಿಯಬಹುದೆಂದು ಆಸ್ಪತ್ರೆಯ ವೈದ್ಯೆ ಎಚ್ಚರಿಸಿದ್ದಾರೆ. ಆದರೂ ಒಪ್ಪುತ್ತಿಲ್ಲ. ಯಾಕಮ್ಮಾ ಎಂದರೆ ನಿಮ್ಮ ಮಾತನ್ನೇ ಮುಂದಿಡುತ್ತಾಳೆ. ಅವಳಿಗೆ ಗುಣವಾಗಿದೆ, ಇನ್ನು ಮಾತ್ರೆ ಬೇಕಿಲ್ಲ ಎಂದು ಹೇಳಿದ್ದು ನಿಮ್ಮ ಚಿಕಿತ್ಸಾಲಯ. ಆ ಮಾತನ್ನು ನೀವೇ ಹಿಂತೆಗೆದುಕೊಳ್ಳುವವರೆಗೆ ಅವಳು ಇನ್ಯಾರ ಮಾತನ್ನೂ ಕೇಳುವವಳಲ್ಲ. ಈ ಪತ್ರ ಬರೆಯಲು ಅದೇ ಕಾರಣ. ಮುಂದಿನದೆಲ್ಲ ವಿವರಣೆ, ಜೊತೆಗೆ ನಾನು ಅಡಗಿಸಲಾರದಷ್ಟು ಸಿಟ್ಟು.

ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು. ಕಚೇರಿಗಳಿಗೆ ಬರೆಯುವ ಪತ್ರವೆಂದರೆ ಇಂಗ್ಲಿಷಿನಲ್ಲೇ ಬರೆದು ರೂಢಿ. ಇದನ್ನು ಅಮ್ಮನ ಮುಂದೆ ಓದಬೇಕಾಗಿರುವುದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಸುಬಿನಿಂದ ನಾವಿಬ್ಬರೂ ಪರದೆಯವರು. ನಾನು ಜನರ ಮನೆಗೆ ಹೋಗಿ ಕಿಟಕಿ ಅಳೆದು ಬರುತ್ತೇನೆ. ಅಮ್ಮ ನೆರಿಗೆ ಹಿಡಿದು, ಅಂಚು ಮಡಿಸಿ, ಹೊಲಿದು ಕೊಡುತ್ತಾಳೆ. ಕೊಡುತ್ತಿದ್ದಳು ಎನ್ನಬೇಕು. ನಿಮ್ಮ ಚಿಕಿತ್ಸಾಲಯದಲ್ಲಿ ರಕ್ತದೊತ್ತಡ ನೋಡುವ ಮೂಲೆಗೆ ಕಟ್ಟಿರುವ ಹಸಿರು ಪರದೆಯೂ ಅವಳ ಕೈಯದೇ. ಅದರ ಹಿಂದೆ ಕುಳಿತು ತೋಳು ಚಾಚುವಾಗಲೆಲ್ಲ 'ಈ ಅಂಚು ಇನ್ನೂ ಬಿಟ್ಟಿಲ್ಲ ನೋಡು' ಎಂದು ಸಿಸ್ಟರಿಗೆ ತೋರಿಸುತ್ತಿದ್ದಳಂತೆ.

ಅಮ್ಮನಿಗೆ ನಿಮ್ಮ ಮೇಲೆ ಅಷ್ಟೊಂದು ನಂಬಿಕೆ ಏಕೆಂದು ನಿಮಗೆ ಗೊತ್ತಿರಲಾರದು. ಅಪ್ಪ ಹೃದಯಾಘಾತದಿಂದ ಹೋದರು. ಒತ್ತಡ ಹೆಚ್ಚಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ಯಾರೂ ನೋಡಿರಲಿಲ್ಲ. ಅದರ ಮರುವರ್ಷ ನಿಮ್ಮವರು ನಮ್ಮ ಬೀದಿಗೆ ಬಂದರು. ಮನೆಮನೆಯ ಜಗಲಿಯಲ್ಲಿ ಕುಳಿತು ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡಿದರು. ತಲೆನೋವಿಲ್ಲ, ಸುಸ್ತಿಲ್ಲ, ನನಗೇನಾಗಿದೆ ಎಂದು ಅಮ್ಮ ವಾದಿಸಿದಾಗ, ಏನೂ ಅನ್ನಿಸದಿರುವುದೇ ಈ ಕಾಯಿಲೆಯ ಕಳ್ಳತನ ಎಂದು ತಾಳ್ಮೆಯಿಂದ ತಿಳಿಸಿ ಹೇಳಿದರು. ಮಾತ್ರೆ ಕೊಟ್ಟರು, ಉಪ್ಪು ತಗ್ಗಿಸಲು ಹೇಳಿದರು, ತಿಂಗಳು ತಿಂಗಳು ಕರೆದು ನೋಡಿದರು. ಅವಳ ಒತ್ತಡ ಹದಕ್ಕೆ ಬಂತು. ಇದನ್ನು ನಾನು ಮರೆತಿಲ್ಲ, ಮರೆಯಬಾರದು ಕೂಡ. ಗಂಡನಿಗೆ ಸಿಗದ ಕಾವಲು ತನಗೆ ಸಿಕ್ಕಿತೆಂದು ಅವಳು ಭಾವಿಸಿದಳು. ನನಗಿರುವ ನೋವಿನ ಬೇರು ಅಲ್ಲಿದೆ. ದಡದಲ್ಲೇ ನಿಲ್ಲಿಸಿದ್ದರೆ ನಾವು ಬೇರೆ ದೋಣಿ ಹುಡುಕುತ್ತಿದ್ದೆವು. ನೀವು ಕೈಹಿಡಿದು ಹತ್ತಿಸಿಕೊಂಡು ನಡುನೀರಿನಲ್ಲಿ ಬಿಟ್ಟಿರಿ.

ನಿಮ್ಮ ಹೊಸ ನಿಯಮ ಬಂದಿದ್ದು ಆಮೇಲೆ. ಸತತ ಮೂರು ಭೇಟಿಗಳಲ್ಲಿ ಒತ್ತಡ ಹದದಲ್ಲಿದ್ದರೆ ಆ ರೋಗಿ ಗುಣಮುಖ. ಗುಣಮುಖರಾದವರಿಗೆ ಮಾತ್ರೆ ನಿಲ್ಲಿಸಿ ಆ ಮಾತ್ರೆಯನ್ನು ಹೊಸ ರೋಗಿಗಳಿಗೆ ಕೊಡಬೇಕು. ಈ ಸಂತೋಷವನ್ನು ಸುಮ್ಮನೆ ಬಿಡಬಾರದೆಂದು ಪಡಸಾಲೆಯಲ್ಲಿ ಒಂದು ಹಿತ್ತಾಳೆಯ ಗಂಟೆಯನ್ನೂ ತೂಗುಹಾಕಿಸಿದಿರಿ. ಗುಣಮುಖರು ಅದನ್ನು ಬಾರಿಸಬೇಕು, ಕಾದು ಕುಳಿತವರು ಚಪ್ಪಾಳೆ ತಟ್ಟಬೇಕು. ಯೋಚಿಸಿದವರು ಯಾರೋ ಒಳ್ಳೆಯ ಮನಸ್ಸಿನವರೇ ಇರಬೇಕು. ಆದರೆ ಒತ್ತಡ ಹದದಲ್ಲಿ ಇದ್ದದ್ದು ಮಾತ್ರೆಯಿಂದ ಎಂಬ ಸಣ್ಣ ಸಂಗತಿ ನಿಯಮ ಮಾಡಿದ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಕನ್ನಡಕ ಹಾಕಿಕೊಂಡವನು ಗೋಡೆಯ ಮೇಲಿನ ಅಕ್ಷರ ಓದಿದ ಕೂಡಲೇ, ಭೇಷ್, ನಿನ್ನ ಕಣ್ಣು ಸರಿಹೋಯಿತು ಎಂದು ಕನ್ನಡಕ ಕಿತ್ತುಕೊಳ್ಳುತ್ತೀರಾ? ನಾನು ತೂಗುಹಾಕಿದ ಪರದೆ ಬಿಸಿಲನ್ನು ಚೆನ್ನಾಗಿ ತಡೆಯುತ್ತಿದೆ, ಕೋಣೆ ತಂಪಾಗಿದೆ, ಆದ್ದರಿಂದ ಇನ್ನು ಪರದೆ ಬೇಡ ಎಂದು ಯಾವ ಗಿರಾಕಿಯೂ ಇದುವರೆಗೆ ಹೇಳಿಲ್ಲ. ಅವರ ಪೈಕಿ ಒಬ್ಬರೂ ನಿರ್ದೇಶಕರಲ್ಲ.

ನಿಮ್ಮ ಗಂಟೆಯಿಂದ ಒಂದು ಫಲವಂತೂ ಸಿಕ್ಕಿತು. ಚಿಕಿತ್ಸಾಲಯದಲ್ಲಿ ಎಲ್ಲರೂ ವ್ಯಾಯಾಮ ಶುರುಮಾಡಿದರು. ಪಕ್ಕದ ಮೆಟ್ಟಿಲುಗಳನ್ನು ನೀವು ನೋಡಿರಬಹುದು, ಎರಡನೇ ಮಹಡಿಯ ನಿಮ್ಮ ಕೋಣೆಗೆ ಹೋಗುವ ದಾರಿ ಅದೇ. ತಮ್ಮ ಸರದಿ ಹತ್ತಿರವಾಗುತ್ತಿದ್ದಂತೆ ಜನ ಆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಏದುಸಿರಿನೊಂದಿಗೆ ಪರದೆಯ ಹಿಂದೆ ಹೋಗಿ ಕುಳಿತರೆ ಒತ್ತಡ ಏರಿರುತ್ತದೆ, ಮಾತ್ರೆ ಉಳಿಯುತ್ತದೆ. ಅಮ್ಮನ ಜೊತೆ ಒಮ್ಮೆ ನಾನೂ ಹೋಗಿ ಕುಳಿತಿದ್ದೆ. ನಿವೃತ್ತ ಅಂಚೆಯವರೊಬ್ಬರು, ಎಲ್ಲರ ಬಾಯಲ್ಲೂ 'ಎಂಜಿನ್ ಮಾಮ', ಬುಸುಬುಸು ಎನ್ನುತ್ತ ಇಳಿದು ಬಂದು ಅಮ್ಮನ ಪಕ್ಕದಲ್ಲಿ ನಿಂತರು.

"ಏನಕ್ಕಾ, ದೇವರ ಹಾಗೆ ತಣ್ಣಗೆ ಕೂತಿದೀರಿ? ಹೀಗೆ ಕೂತ್ರೆ ಮಾತ್ರೆ ಸಿಗುತ್ತಾ? ಏಳಿ, ಎರಡು ರೌಂಡ್ ಹಾಕಿ ಬನ್ನಿ."

"ನನ್ನ ಮಂಡಿ ಕೇಳ್ಬೇಕಲ್ಲ ಮಾಮ."

"ಮಂಡಿ ಕೇಳದಿದ್ರೆ ನನ್ನ ದಾರಿ ಹಿಡೀರಿ," ಎಂದರು ಆಚೆ ಬದಿಯ ಬ್ರೆಡ್ಡಿನಂಗಡಿಯಾಕೆ. "ನಾನು ಮೆಟ್ಟಿಲ ತಂಟೆಗೇ ಹೋಗಲ್ಲ. ಒಳಗೆ ಹೋಗೋಕೆ ಮುಂಚೆ ನಾದಿನಿಗೆ ಒಂದು ಫೋನು. ಅವಳು 'ಅತ್ತಿಗೇ' ಅಂದ್ರೆ ಸಾಕು, ನನ್ನ ಬಿಪಿ ಮಾಳಿಗೆ ಹತ್ತಿರುತ್ತೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಮ್ಮ ನಗುತ್ತಲೇ ತಲೆಯಾಡಿಸಿದಳು. "ನಮ್ಮ ಮೈ ನೋಡೋಕೆ ಅಂತ ಕೂತಿದಾರೆ, ಅವರ ಮುಂದೆ ನಾಟಕ ಆಡೋದಾ? ಆಮೇಲೆ ಅವ್ರಿಗೆ ನಿಜ ಹೇಗೆ ಗೊತ್ತಾಗುತ್ತೆ?"

ಹಾಗೆಂದು ಓಡಿದವರೆಲ್ಲ ಗೆದ್ದರೆಂದೂ ಹೇಳಲಾರೆ. ಏರಿದ ಒತ್ತಡವನ್ನು ನಿಜವೆಂದೇ ತಿಳಿದು ನಿಮ್ಮ ವೈದ್ಯರು ಎಂಜಿನ್ ಮಾಮನಿಗೆ ಇನ್ನೊಂದು ಮಾತ್ರೆ ಸೇರಿಸಿದರು. ಅವರು ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಮಾತ್ರೆ ಬೇಕಾದವರು ಸುಳ್ಳು ಹೇಳಬೇಕು, ಸುಳ್ಳು ಹೇಳಿದವರು ಹೆಚ್ಚಿನ ಮಾತ್ರೆ ನುಂಗಬೇಕು, ನಿಜ ಹೇಳಿದವರು ಬರಿಗೈಯಲ್ಲಿ ಮನೆಗೆ ಹೋಗಬೇಕು. ಅಳತೆ ತಪ್ಪಿದರೆ ಬಟ್ಟೆ ಕೆಡುತ್ತದೆಂದು ಬಲ್ಲವಳು ನಾನು. ಅಳೆಸಿಕೊಳ್ಳುವವರೇ ಅಳತೆ ಕೆಡಿಸುವಂತೆ ಮಾಡುವ ನಿಯಮವನ್ನು ಮಾತ್ರ ನಿಮ್ಮಲ್ಲೇ ಕಂಡೆ.

ಅಮ್ಮ ಗಂಟೆ ಬಾರಿಸಿದಳು. ಸಿಸ್ಟರ್ ಅವಳ ಕೈಹಿಡಿದು ಕರೆದೊಯ್ದು, "ಅಮ್ಮಾ, ನೀವು ಗೆದ್ರಿ. ಇನ್ನು ಈ ಮಾತ್ರೆ ಬೇಕಾಗಿಲ್ಲ. ಗುಣ ಆದವ್ರು ಸುಮ್ಸುಮ್ನೆ ಔಷಧ ತಗೊಂಡ್ರೆ ಮೈಗೆ ಒಳ್ಳೇದಲ್ಲ," ಎಂದರಂತೆ. ಮನೆಗೆ ಬಂದವಳ ಮುಖ ನೋಡಬೇಕಿತ್ತು ನೀವು. "ಪಾಸಾದೆ ಕಣೇ," ಎಂದಳು, ಚಪ್ಪಲಿ ಬಿಡುವುದಕ್ಕೂ ಮೊದಲು. ಹೊರಗೆ ಮಾತ್ರೆ ಕೊಳ್ಳೋಣ, ಇನ್ನೊಬ್ಬ ವೈದ್ಯರನ್ನು ಕೇಳೋಣ ಎಂದು ನಾನು ಹೇಳಿದ್ದುಂಟು. "ಅವ್ರೇ ಬೇಡ ಅಂದ್ಮೇಲೆ ನೀನ್ಯಾರೇ? ಕಿಟಕಿ ಅಳೆಯೋಳು ನೀನು, ನನ್ನನ್ನೂ ಅಳೀತೀಯಾ?" ಎಂದು ಬಾಯಿ ಮುಚ್ಚಿಸಿದಳು. ಅವಳು ಗೆಲುವಾಗಿದ್ದಳು, ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು. ಏನೂ ಅನ್ನಿಸದಿರುವುದೇ ಈ ಕಾಯಿಲೆಯ ಕಳ್ಳತನವೆಂದು ನಮಗೆ ಹೇಳಿಕೊಟ್ಟಿದ್ದವರೇ ಈಗ ಕಳ್ಳ ಊರು ಬಿಟ್ಟನೆಂದು ಸಾರಿದ್ದರು.

ಅದಾಗಿ ಕೆಲವು ತಿಂಗಳಿಗೆ, ಬೆಳಗಿನ ಹೊತ್ತು, ಅವಳು ಯಂತ್ರದ ಮುಂದೆ ಕುಳಿತು ಉದ್ದನೆಯ ಪರದೆಯೊಂದರ ಅಂಚು ಹೊಲಿಯುತ್ತಿದ್ದಳು. ನಾನು ಪಕ್ಕದ ಮೇಜಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದೆ. ಯಂತ್ರದ ಸದ್ದು ಒಂದೇ ಸಮನೆ ಬರುತ್ತಿತ್ತು, ಆದ್ದರಿಂದ ನಾನು ತಲೆ ಎತ್ತಲಿಲ್ಲ. "ಬಟ್ಟೆ ಜಾರ್ತಿದೆ ಕಣೇ," ಎಂದಳು. ನೋಡಿದರೆ ಹೊಲಿಗೆ ಅಂಚು ಬಿಟ್ಟು ಬಟ್ಟೆಯ ನಡುವಿಗೆ ಓಡಿತ್ತು. ಗೆರೆ ಎಳೆದಂತೆ ನೇರ ಹೊಲಿಯುವವಳು ನನ್ನಮ್ಮ. ಅವಳ ಕಾಲು ತುಳಿಯುತ್ತಲೇ ಇತ್ತು, ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ವಾಲಿತ್ತು. "ಜಾರ್ತಿದೆ" ಎಂದು ಮತ್ತೊಮ್ಮೆ ಹೇಳಲು ಹೊರಟ ಮಾತು ಮಾತಾಗಲಿಲ್ಲ.

ನ್ಯಾಯವಾಗಿ ಮಾತಾಡಬೇಕೆಂದು ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಮಾತ್ರೆ ನುಂಗುತ್ತಿದ್ದರೂ ಇದು ಆಗುತ್ತಿತ್ತೇ? ಆಗಬಹುದಿತ್ತು. ಮಾತ್ರೆ ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ಅಳಿಸುವುದಿಲ್ಲ ಎಂದು ಆಸ್ಪತ್ರೆಯ ವೈದ್ಯೆಯೇ ಹೇಳಿದರು. ಆ ದಿನ ಅಮ್ಮನ ಒತ್ತಡ ಮಾತ್ರ, ನಿಮ್ಮವರು ಜಗಲಿಯಲ್ಲಿ ಮೊದಲ ಸಲ ಪಟ್ಟಿ ಕಟ್ಟಿದಾಗ ಇದ್ದದ್ದಕ್ಕಿಂತಲೂ ಮೇಲಿತ್ತು ಎಂಬುದನ್ನೂ ಅವರೇ ಹೇಳಿದರು. ದುಃಖದಲ್ಲಿ ನಾನು ಯಾರನ್ನೋ ದೂರಲು ಹುಡುಕುತ್ತಿದ್ದೇನೆಯೇ ಎಂದೂ ಯೋಚಿಸಿದ್ದೇನೆ. ಹಾಗಿದ್ದರೂ ಇರಬಹುದು. ಆ ಅನುಮಾನವನ್ನು ಪಕ್ಕಕ್ಕಿಟ್ಟು ನೋಡಿದರೂ ಒಂದು ಪ್ರಶ್ನೆ ಕದಲುವುದಿಲ್ಲ: ಅವಳ ಕಾವಲನ್ನು ತೆಗೆದವರು ಯಾರು?

ಆ ಪ್ರಶ್ನೆ ಹೊತ್ತು ಮೊನ್ನೆ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ನನ್ನನ್ನು ಕೂರಿಸಿದರು, ನೀರು ಕೊಟ್ಟರು, ಮರ್ಯಾದೆಗೆ ಕೊರತೆ ಮಾಡಲಿಲ್ಲ.

"ಮೇಡಂ, ನಿಮ್ಮ ತಾಯಿಯವರು ಗುಣಮುಖರಾಗಿದ್ದಾರಲ್ಲ, ಅದಕ್ಕೇ ನಿಲ್ಲಿಸಿದ್ದು."

"ಗುಣಮುಖರಾದವರಿಗೆ ಲಕ್ವ ಹೊಡೆದಿದೆ ಸರ್."

"ಅದು ಬೇರೆ ವಿಭಾಗ."

"ಇಂಥ ನಿಯಮ ಮಾಡಿದ್ದು ಯಾರು?"

"ಮೇಲಿನಿಂದ ಬಂದದ್ದು ಮೇಡಂ."

"ಎಷ್ಟು ಮೇಲಿನಿಂದ?"

ಅವರು ಒಂದು ಕ್ಷಣ ಛಾವಣಿ ನೋಡಿದರು. "ಎರಡನೇ ಮಹಡಿ."

ಅಮ್ಮನಿಗೆ ಗುಣವಾಗಿರಲಿಲ್ಲ, ಮಾತ್ರೆ ಮುಂದುವರಿಸಬೇಕು ಎಂದು ಅವಳಿಗೊಂದು ಮಾತು ಹೇಳಿ ಎಂದು ಬೇಡಿದೆ. ಗುಣಮುಖರಾದವರನ್ನು ವಾಪಸು ರೋಗಿ ಮಾಡಲು ದಾರಿಯಿಲ್ಲವೆಂದರು. "ಈಗ ಬಿಪಿ ಜಾಸ್ತಿ ಇದೆ ಅಂತೀರಲ್ಲ, ಕರ್ಕೊಂಡು ಬನ್ನಿ. ಹೊಸ ರೋಗಿ ಅಂತ ಸೇರಿಸ್ಕೊಳ್ತೀವಿ," ಎಂದು ಸಮಾಧಾನಿಸಿದರು. ಹಾಸಿಗೆ ಹಿಡಿದವಳನ್ನು ಹೇಗೆ ಕರೆತರಲಿ, ತಂದರೂ ಮೂರು ಭೇಟಿ ಕಳೆದ ಮೇಲೆ ಮತ್ತೆ ಅದೇ ಗಂಟೆ. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಈ ವರ್ಷ ಗುಣಮುಖರಾದವರ ದೊಡ್ಡ ಸಂಖ್ಯೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಮ್ಮನೂ ಅದರಲ್ಲಿದ್ದಾಳೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ನನ್ನನ್ನು ಕೂಗುವವಳು ನಿಮ್ಮ ಗೋಡೆಯ ಮೇಲೆ ಆರೋಗ್ಯವಾಗಿದ್ದಾಳೆ.

ಈಗ ನಮ್ಮ ಮನೆಯ ಸ್ಥಿತಿ. ಆಸ್ಪತ್ರೆಯಲ್ಲಿ ದಾದಿಯರು ಕೊಟ್ಟದ್ದನ್ನು ಅಮ್ಮ ನುಂಗಿದಳು. ಮನೆಗೆ ಬಂದಮೇಲೆ ನಾನು ಕೊಟ್ಟದ್ದನ್ನೂ ನುಂಗುತ್ತಿದ್ದಾಳೆ ಎಂದುಕೊಂಡಿದ್ದೆ. ಕಳೆದ ವಾರ ಪರದೆಗೆ ಹುಕ್ಕು ಹಾಕಲು ಡಬ್ಬಿ ತೆರೆದರೆ, ಹುಕ್ಕುಗಳ ನಡುವೆ ಬಿಳಿ ಮಾತ್ರೆಗಳು.

"ಏನಮ್ಮಾ ಇದು?"

"ಮಾತ್ರೆ."

"ಬಾಯಿಗೆ ಹೋಗ್ಬೇಕಾದ್ದು ಡಬ್ಬಿಗೆ ಯಾಕೆ ಬಂತು?"

ಅವಳು ಪದಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದಳು. "ಗುಣ ಆದವ್ರು ತಿಂದ್ರೆ... ಒಳ್ಳೇದಲ್ಲ. ಅವ್ರು ಹೇಳಿದಾರೆ."

"ಆಸ್ಪತ್ರೆ ಡಾಕ್ಟ್ರು ತಗೋಬೇಕು ಅಂದ್ರಲ್ಲಮ್ಮಾ."

"ಆ ಹುಡುಗಿ... ಮೊನ್ನೆ ಮೊನ್ನೆ ಓದಿ ಬಂದೋಳು. ಇವ್ರು ಎಷ್ಟು ವರ್ಷದಿಂದ ನನ್ನ ನೋಡಿದಾರೆ."

"ಮತ್ತೆ ಕೈ ಯಾಕೆ ಹೀಗಾಯ್ತು?"

ಅವಳು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಿಗೆ ಹಾಕಿಕೊಂಡಳು, ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗೆ. "ನಾನೇ ಏನೋ ತಪ್ಪು ಮಾಡಿರ್ಬೇಕು. ಉಪ್ಪು ಜಾಸ್ತಿ ತಿಂದಿರ್ಬೇಕು."

ಮಾನ್ಯರೇ, ನಿಮ್ಮ ತಪ್ಪನ್ನು ಅವಳು ತನ್ನ ಊಟದ ತಟ್ಟೆಯಲ್ಲಿ ಹುಡುಕುತ್ತಿದ್ದಾಳೆ. ನಾನು ನಿಮ್ಮನ್ನು ಬೈದರೆ ನನ್ನ ಮೇಲೆ ಮುನಿಸಿಕೊಳ್ಳುತ್ತಾಳೆ. ನಂಬಿಕೆಗೆ ದ್ರೋಹವಾದರೆ ನಂಬಿಕೆ ಸಾಯುತ್ತದೆಂದು ನಾನು ತಿಳಿದಿದ್ದೆ. ಇಲ್ಲಿ ಅದು ಸಾಯದೆ ಉಳಿದುಕೊಂಡು ಅವಳನ್ನು ಕೊಲ್ಲಲು ನೋಡುತ್ತಿದೆ. ಮಾತ್ರೆಯನ್ನು ಅನ್ನದಲ್ಲಿ ಪುಡಿಮಾಡಿ ಬೆರೆಸು ಎಂದು ಅಕ್ಕಪಕ್ಕದವರು ಉಪಾಯ ಹೇಳಿಕೊಡುತ್ತಾರೆ. ಅವಳಿಗೆ ಮೋಸಮಾಡುವವರ ಸಾಲಿನಲ್ಲಿ ನಾನೂ ಹೋಗಿ ನಿಲ್ಲಬೇಕೇ?

ಆದ್ದರಿಂದ ನನ್ನ ಬೇಡಿಕೆ. ಒತ್ತಡ ಹದಕ್ಕೆ ಬಂದವರಿಗೆ ಮಾತ್ರೆ ನಿಲ್ಲಿಸುವ ನಿಯಮವನ್ನು ರದ್ದುಮಾಡಿ. ಮಾತ್ರೆ ಕಡಿಮೆಮಾಡುವುದೋ ಬಿಡುವುದೋ ಆದರೆ ಅದನ್ನು ಪ್ರತಿಯೊಬ್ಬರನ್ನೂ ನೋಡಿ ವೈದ್ಯರು ತೀರ್ಮಾನಿಸಲಿ, ಗೋಡೆಯ ಮೇಲಿನ ಸಂಖ್ಯೆ ತೀರ್ಮಾನಿಸುವುದು ಬೇಡ. ಗುಣಮುಖರೆಂದು ನೀವು ಕಳಿಸಿಬಿಟ್ಟ ಪ್ರತಿಯೊಬ್ಬರನ್ನೂ ಹುಡುಕಿಸಿ, ತೋಳಿಗೆ ಮತ್ತೆ ಪಟ್ಟಿ ಕಟ್ಟಿಸಿ. ಬೀದಿಬೀದಿ ಸುತ್ತಿ ಜಗಲಿಯಲ್ಲಿ ಕೂರಲು ನಿಮ್ಮವರಿಗೆ ಬರುತ್ತದೆ, ನಾನು ಕಂಡಿದ್ದೇನೆ.

ಅದಕ್ಕೆಲ್ಲ ಸಭೆ ಸೇರಬೇಕು, ಸಮಯ ಹಿಡಿಯುತ್ತದೆ, ಗೊತ್ತು. ಅಮ್ಮನಿಗೆ ಅಷ್ಟು ಸಮಯವಿದೆಯೇ ಎಂಬುದು ಗೊತ್ತಿಲ್ಲ. ಅಲ್ಲಿಯವರೆಗೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. ಪತ್ರ ಕಳಿಸಬೇಡಿ, ನಾನೇ ಬರೆಸಿದ್ದೆಂದು ಅವಳು ಅನುಮಾನಿಸುತ್ತಾಳೆ. ನೀವೇ ಬರಬೇಕು. ದೊಡ್ಡವರು ಬಂದರೆಂದು ಅವಳು ಎದ್ದು ಕೂರಲು ಹೆಣಗುತ್ತಾಳೆ, ಬೇಡವೆನ್ನಿ. ಪಕ್ಕದಲ್ಲಿ ಕುಳಿತು, ತಪ್ಪು ನಿಮ್ಮದಲ್ಲಮ್ಮಾ, ನಮ್ಮದು, ಈ ಮಾತ್ರೆ ನಾವು ನಿಲ್ಲಿಸಬಾರದಿತ್ತು ಎಂದು ನಿಧಾನವಾಗಿ ಹೇಳಿ. ಆಮೇಲೆ ಮಾತ್ರೆಯನ್ನು ಅವಳ ಎಡಗೈಗೆ ಕೊಡಿ. ಬಲಗೈ ಮುಂದೆ ಬರುವುದಿಲ್ಲ.

ಇಂತಿ,
ನನ್ನ ಮಾತು ಬಿಟ್ಟು ನಿಮ್ಮ ಮಾತನ್ನೇ ನಂಬಿರುವವಳ ಮಗಳು